ತೂಕಕ್ಕೆ ಹಾಕಿದ ಪುಸ್ತಕ

ಶ್ರೀರಾಂಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಮಾನಸಗಂಗೋತ್ರಿಯಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಾಳೆ. ಕಳೆದ ಆಷಾಢದಲ್ಲಿ ಒಂದು ಸಂಜೆ ಕೆಳಗಿಳಿದು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಸಾರ್, ನೀವು ಲೈಬ್ರರಿಯನ್ ಆಗಿದ್ರಂತೆ, ಆಂಟಿ ಹೇಳಿದ್ರು. ನನಗೊಂದು ಸೆಮಿನಾರ್ ಕೊಟ್ಟಿದ್ದಾರೆ. ಅಮೆರಿಕದ ಗ್ರಂಥಾಲಯ ವೃತ್ತಿಯ ಚರಿತ್ರೆಗೆ ಆಕರಗಳು ಎಲ್ಲೆಲ್ಲಿ ಸಿಗುತ್ತವೆ ಅಂತ. ಸ್ವಲ್ಪ ಹೇಳಿಕೊಡ್ತೀರಾ?"

ನನಗೆ ಕೊಂಚ ಸಿಟ್ಟೇ ಬಂತು. "ಅಮೆರಿಕದ್ದು ಯಾಕಮ್ಮ? ಮೈಸೂರಿನದು ಕೊಡಬಾರದಾಗಿತ್ತಾ?" ಎಂದೆ.

"ಮೈಸೂರಿನದಕ್ಕೆ ಆಕರ ಎಲ್ಲಿದೆ ಸಾರ್?" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು.

ಇಪ್ಪತ್ತೊಂಬತ್ತು ವರ್ಷ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಪ್ರಶ್ನೆಗೆ ನನ್ನ ಬಳಿ ತಕ್ಷಣದ ಉತ್ತರವಿರಲಿಲ್ಲ. ಒಳಗೆ ಕರೆದು ಕೂರಿಸಿದೆ. ಅವಳ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಸಂಜೆ ಇಬ್ಬರೂ ಹುಡುಕಿದೆವು. ಹುಡುಕಿದ್ದು ಅವರ ಚರಿತ್ರೆಯನ್ನು. ಕೊನೆಗೆ ಸಿಕ್ಕಿದ್ದರಲ್ಲಿ ನನ್ನದೂ ಒಂದು ತಪ್ಪು ಇತ್ತು. ಅಲ್ಲಿಂದ ಎದ್ದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಗ್ರಂಥಾಲಯಗಳ ಬಗ್ಗೆ ಓದಬೇಕೆನ್ನುವವರಿಗೆ ಆಕರಗಳ ಬರವಿಲ್ಲ. 1876 ಅವರಿಗೆ ಒಂದು ದೊಡ್ಡ ವರ್ಷ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿದ್ದು ಆ ವರ್ಷ. ಲೈಬ್ರರಿ ಜರ್ನಲ್ ಪತ್ರಿಕೆ ಶುರುವಾದದ್ದು, ಮೆಲ್ವಿಲ್ ಡ್ಯೂಯಿ ತನ್ನ ದಶಮಾಂಶ ವರ್ಗೀಕರಣವನ್ನು ಅಚ್ಚು ಹಾಕಿಸಿದ್ದು ಎಲ್ಲ ಆಗಲೇ. ಅದೇ ವರ್ಷ ಅಲ್ಲಿನ ಸರ್ಕಾರದ ಶಿಕ್ಷಣ ಬ್ಯೂರೋ ದೇಶದ ಸಾರ್ವಜನಿಕ ಗ್ರಂಥಾಲಯಗಳ ಮೇಲೆ ಸಾವಿರ ಪುಟ ಮೀರಿದ ವರದಿ ತಂದಿತು. ಆ ವರದಿಯನ್ನೂ ಪತ್ರಿಕೆಯ ಹಳೆಯ ಸಂಪುಟಗಳನ್ನೂ ಇಂಟರ್‌ನೆಟ್ ಆರ್ಕೈವಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಸಂಘದ ಹಳೆಯ ಕಾಗದಪತ್ರಗಳನ್ನೆಲ್ಲ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೋಡಿಸಿಟ್ಟಿದ್ದಾರೆ. ಡ್ಯೂಯಿ 1887ರಲ್ಲಿ ಕೊಲಂಬಿಯಾ ಕಾಲೇಜಿನಲ್ಲಿ ತೆರೆದ ಶಾಲೆಯ ಮೊದಲ ತರಗತಿಯ ಇಪ್ಪತ್ತು ಜನರಲ್ಲಿ ಹದಿನೇಳು ಮಂದಿ ಹೆಂಗಸರು ಎಂಬುದಕ್ಕೂ ದಾಖಲೆಯಿದೆ. ವೇಯ್ನ್ ವೀಗಂಡ್ ಎಂಬ ಚರಿತ್ರಕಾರ ಡ್ಯೂಯಿಯ ಮೇಲೆ ಇಡೀ ಪುಸ್ತಕವನ್ನೇ ಬರೆದಿದ್ದಾರೆ; ಅವನ ಸಾಧನೆಯನ್ನೂ ಬರೆದಿದ್ದಾರೆ, ಕೆಟ್ಟತನವನ್ನೂ ಮುಚ್ಚಿಟ್ಟಿಲ್ಲ. ಹೆಂಗಸರೊಡನೆ ಅವನು ನಡೆದುಕೊಂಡ ರೀತಿ, ಯಹೂದಿಗಳನ್ನೂ ಕರಿಯರನ್ನೂ ಅವನು ದೂರವಿಟ್ಟ ರೀತಿ ಇವುಗಳ ದಾಖಲೆ ಉಳಿದದ್ದರಿಂದಲೇ 2019ರಲ್ಲಿ ಆ ಸಂಘ ತನ್ನ ಪ್ರತಿಷ್ಠಿತ ಪದಕದಿಂದ ಅವನ ಹೆಸರನ್ನು ತೆಗೆಯಿತು.

"ತಮ್ಮವರ ತಪ್ಪಿನ ಕಾಗದವನ್ನೂ ಇಟ್ಟುಕೊಂಡಿದ್ದಾರಲ್ಲ ಸಾರ್" ಎಂದಳು ಹುಡುಗಿ. ನಾನು ಸುಮ್ಮನಿದ್ದೆ.

ಎರಡನೆಯ ಸಂಜೆ ಈ ಚರಿತ್ರೆ ನಮ್ಮ ದೇಶದ ಕಡೆಗೆ ತಿರುಗಿತು. ಬರೋಡಾದ ಸಯ್ಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಸಿಕೊಂಡರು. ಮೂರು ವರ್ಷದಲ್ಲಿ ಆತ ಆ ಸಂಸ್ಥಾನದ ಹಳ್ಳಿಗಳ ತನಕ ಹರಡಬಲ್ಲ ಗ್ರಂಥಾಲಯ ವ್ಯವಸ್ಥೆಗೆ ಅಡಿಪಾಯ ಹಾಕಿ ಹೋದ. ಇಷ್ಟು ನಮ್ಮ ಪಠ್ಯಪುಸ್ತಕಗಳಲ್ಲೂ ಇದೆ. ಅವಳಿಗೆ ಹೊಸದೆನಿಸಿದ್ದು ಮುಂದಿನದು: 1962ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲೊಂದು ಕಚೇರಿ ತೆರೆದು, ಭಾರತೀಯ ಭಾಷೆಗಳಲ್ಲಿ ಬರುವ ಪುಸ್ತಕಗಳನ್ನು ಒಂದೇ ಸಲಕ್ಕೆ ಹಲವಾರು ಪ್ರತಿಗಳಂತೆ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿದ್ದು. ಅದರಲ್ಲಿ ಕನ್ನಡವೂ ಇತ್ತು.

ಆ ದುಡ್ಡು ಎಲ್ಲಿಂದ ಬಂತು ಎಂಬುದೇ ಒಂದು ಕಥೆ. 1954ರ ಜುಲೈನಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ನನ್ನ ವಯಸ್ಸಿನವರಿಗೆ ಅದು ಪಿ.ಎಲ್. 480 ಎಂದೇ ಪರಿಚಯ. ಅವರಲ್ಲಿ ಮಿಕ್ಕಿದ ಗೋಧಿಯನ್ನು ನಮ್ಮಂಥ ದೇಶಗಳಿಗೆ ಮಾರುವುದು, ಬೆಲೆಯನ್ನು ಡಾಲರಿನಲ್ಲಿ ಕೇಳದೆ ಆಯಾ ದೇಶದ ನಾಣ್ಯದಲ್ಲೇ ಪಡೆಯುವುದು. ಹಾಗೆ ಅವರ ಲೆಕ್ಕದಲ್ಲಿ ಭಾರತದಲ್ಲಿ ರೂಪಾಯಿಯ ಗುಡ್ಡೆ ಬಿತ್ತು. ಅದನ್ನು ಹೊರಗೆ ಒಯ್ಯುವಂತಿಲ್ಲ, ಇಲ್ಲೇ ಖರ್ಚಾಗಬೇಕು. 1958ರಲ್ಲಿ ಮಿಷಿಗನ್ನಿನ ಸಂಸದ ಜಾನ್ ಡಿಂಗೆಲ್ ತಂದ ತಿದ್ದುಪಡಿ ಆ ಹಣದಲ್ಲಿ ಪುಸ್ತಕ ಕೊಳ್ಳಲು ದಾರಿ ಮಾಡಿಕೊಟ್ಟಿತು. ಹೀಗೆ ಗೋಧಿ ಇತ್ತ ಬಂತು, ಪುಸ್ತಕ ಅತ್ತ ಹೋಯಿತು. ಆಮೇಲೂ ಉಳಿದ ರೂಪಾಯಿಯಲ್ಲಿ ದೊಡ್ಡ ಪಾಲನ್ನು ಬಿಟ್ಟುಕೊಟ್ಟು, 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಭಾರತ ಸರ್ಕಾರದ ಕೈಗೆ 1,664 ಕೋಟಿ ರೂಪಾಯಿಯ ಚೆಕ್ಕು ಕೊಟ್ಟರು.

ಆ ಕಾನೂನಿನ ರುಚಿ ನನ್ನ ನಾಲಗೆಗೇ ಗೊತ್ತು. ಅದರ ಇನ್ನೊಂದು ಭಾಗದಲ್ಲಿ ದಾನದ ಆಹಾರವಿತ್ತು. ಕೇರ್ ಸಂಸ್ಥೆಯ ಮೂಲಕ ನಮ್ಮ ಪ್ರೈಮರಿ ಸ್ಕೂಲಿಗೆ ಗೋಧಿ ನುಚ್ಚು, ಹಾಲಿನ ಪುಡಿ ಬರುತ್ತಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ಕೂತು ಆ ಉಪ್ಪಿಟ್ಟು ತಿಂದು ಬೆಳೆದವನು ನಾನು. ಈಗಲೂ ನಮ್ಮ ಬೀದಿಯ ಖಾಲಿ ಸೈಟುಗಳಲ್ಲಿ, ಲಿಂಗಾಂಬುಧಿ ಕೆರೆಗೆ ವಾಕಿಂಗ್ ಹೋಗುವ ದಾರಿಯಲ್ಲಿ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿರುತ್ತದೆ. ಅದು ಆ ಗೋಧಿಯ ಜೊತೆಗೇ ಬಂದದ್ದೆಂದು ಜನ ಹೇಳುತ್ತಾರೆ. ಉಪ್ಪಿಟ್ಟೂ ಕಳೆಯೂ ನಮಗೆ ನೆನಪಿದೆ. ಪುಸ್ತಕ ಹೋದದ್ದು ಮಾತ್ರ ಯಾರಿಗೂ ನೆನಪಿಲ್ಲ.

"ಅಂದರೆ ನಮ್ಮ ಪುಸ್ತಕಗಳನ್ನ ಅವರು ತಗೊಂಡು ಹೋಗಿಬಿಟ್ರು" ಎಂದಳು ಹುಡುಗಿ. ಅವಳ ದನಿಯಲ್ಲಿ ಕೋಪವಿತ್ತು. ಆ ವಯಸ್ಸಿಗೆ ಅದು ಸಹಜ.

ನನಗೆ ಆಗ ಒಂದು ಪುಸ್ತಕ ನೆನಪಾಯಿತು. ಅದರ ಹೆಸರನ್ನೂ ಬರೆದವರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಹೆಗ್ಗಡದೇವನಕೋಟೆ ಕಡೆಯ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ತಮ್ಮ ಊರಿನ ಬಗ್ಗೆ ಬರೆದು ಮೈಸೂರಿನ ಸಣ್ಣ ಪ್ರೆಸ್ಸೊಂದರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಮಾಡಿಸಿದ್ದು. ಕೆರೆ, ಮಾರಮ್ಮನ ಹಬ್ಬ, ಅಳತೆ ಸೇರುಗಳು, ಗದ್ದೆಗಳ ಹೆಸರು, ಯಾವ ಭತ್ತ ಯಾವ ಮಣ್ಣಿಗೆ, ಇಂಥವು. "ಇದನ್ನ ಹುಡುಕು ನೋಡೋಣ" ಎಂದೆ.

ಕನ್ನಡದಲ್ಲಿ ಟೈಪ್ ಮಾಡಿದಳು. ಏನೂ ಬರಲಿಲ್ಲ. ನನಗೆ ಹಳೆಯ ಪಾಠ ಜ್ಞಾಪಕಕ್ಕೆ ಬಂತು: ಅಮೆರಿಕದ ಸೂಚಿಗಳಲ್ಲಿ ನಮ್ಮ ಪುಸ್ತಕಗಳ ಹೆಸರು ರೋಮನ್ ಅಕ್ಷರದಲ್ಲಿ ಇರುತ್ತದೆ, ದೀರ್ಘಕ್ಕೆ ಮೇಲೆ ಗೆರೆ, 'ಳ'ಕಾರ 'ಣ'ಕಾರಕ್ಕೆ ಕೆಳಗೆ ಚುಕ್ಕೆ. ಹಾಗೆ ಬರೆದು ಹುಡುಕಿದಾಗ ಬಂತು. ಮೈಸೂರು, 1965. ನೂರಹನ್ನೆರಡು ಪುಟ, ಹತ್ತೊಂಬತ್ತು ಸೆಂಟಿಮೀಟರ್. ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರತಿಯಿದೆ. ಒಂದು ಪ್ರತಿಯನ್ನು ಸ್ಕ್ಯಾನ್ ಕೂಡ ಮಾಡಿದ್ದಾರೆ. ಒತ್ತಿ ನೋಡಿದರೆ, ಹುಡುಕಲು ಮಾತ್ರ ಅವಕಾಶ, ಓದಲು ಇಲ್ಲ ಎಂಬ ಸೂಚನೆ.

"ನಮ್ಮಲ್ಲಿ ಎಲ್ಲಿದೆ ಸಾರ್?" ಎಂದಳು. ನಮಗೆ ಸಿಕ್ಕಿದ ಭಾರತದ ಯಾವ ಸೂಚಿಯಲ್ಲೂ ಅದು ಇರಲಿಲ್ಲ. ಒಂದು ಕಾಲದಲ್ಲಿ ಒಂದು ಕಡೆ ಇತ್ತೆಂದು ಮಾತ್ರ ನನಗೆ ಗೊತ್ತಿತ್ತು, ಏಕೆಂದರೆ ಅದನ್ನು ಅಲ್ಲಿಂದ ಹೊರಗೆ ಹಾಕಿದವನು ನಾನೇ.

1994ರಲ್ಲಿ ನಮ್ಮ ಕಾಲೇಜಿಗೆ ಹೊಸ ಪಠ್ಯಪುಸ್ತಕಗಳು ಬಂದವು. ರ್‍ಯಾಕಿನಲ್ಲಿ ಜಾಗವಿರಲಿಲ್ಲ. ಹತ್ತು ವರ್ಷದಿಂದ ಯಾರೂ ತೆಗೆದುಕೊಂಡು ಹೋಗದ ಪುಸ್ತಕಗಳ ಪಟ್ಟಿ ಮಾಡಿ ರದ್ದು ಮಾಡಲು ಸೂಚನೆಯಾಯಿತು. ಪಟ್ಟಿ ನಾನೇ ಮಾಡಿದೆ. ದಿನಾಂಕದ ಚೀಟಿ ನೋಡುವುದು, ಖಾಲಿಯಿದ್ದರೆ ಪಕ್ಕಕ್ಕೆ ಇಡುವುದು. ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದೊಂದು ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ರದ್ದು ಎಂದು ಬರೆದು ಸಹಿ ಹಾಕಿದೆ. ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ತೂಗಿ ಮೂಟೆ ಕಟ್ಟಿ ಒಯ್ದ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ರಶೀದಿ ಕೂಡ ಇತ್ತು.

ಮರುವರ್ಷ ಒಬ್ಬ ವಯಸ್ಸಾದವರು ಕೌಂಟರಿನ ಮುಂದೆ ಬಂದು ನಿಂತರು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ತಾವು ಬರೆದದ್ದೊಂದು ಪುಸ್ತಕ ಇಲ್ಲಿದೆ, ಬಹಳ ಹಿಂದೆ ತಾವೇ ಕೊಟ್ಟದ್ದು, ತಮ್ಮ ಬಳಿ ಒಂದು ಪ್ರತಿಯೂ ಉಳಿದಿಲ್ಲ, ಸ್ವಲ್ಪ ನೋಡಬಹುದೇ ಎಂದರು. ಅವರ ಊರು ಕಬಿನಿ ಹಿನ್ನೀರಿನಲ್ಲಿ ಮುಳುಗಿತ್ತು. ಮನೆ ಬದಲಿಸುವ ಗಡಿಬಿಡಿಯಲ್ಲಿ ಪೆಟ್ಟಿಗೆಯೊಂದು ಕಳೆದುಹೋಯಿತಂತೆ.

ನಾನು ರ್‍ಯಾಕುಗಳ ಮಧ್ಯೆ ಹೋಗಿ, ಹುಡುಕುವವನಂತೆ ಐದು ನಿಮಿಷ ನಿಂತು, ವಾಪಸು ಬಂದು ಹೇಳಿದೆ: "ಬೈಂಡಿಂಗಿಗೆ ಹೋಗಿದೆ ಸ್ವಾಮಿ. ಇನ್ನೊಂದು ತಿಂಗಳು ಬಿಟ್ಟು ಬನ್ನಿ."

"ಆಗಲಿ, ಹಾಳೆ ಸಡಿಲಾಗಿತ್ತೇನೋ" ಎಂದು ಅವರು ಸಂತೋಷದಿಂದಲೇ ಹೊರಟರು. ಮತ್ತೆ ಬರಲಿಲ್ಲ.

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಹುಡುಗಿಗೆ ಹೇಳಿದೆ. "ಅವರು ತಗೊಂಡು ಹೋಗಲಿಲ್ಲ ಕಣಮ್ಮ. ಅವರು ಕೊಂಡರು. ತೂಕಕ್ಕೆ ಹಾಕಿದವರು ನಾವು."

ಹಾಗಾದರೆ ಆ ಪುಸ್ತಕ ಈಗ ಯಾರದು?

ಬರೆದವರದು ಎನ್ನುವುದು ಮೊದಲ ಉತ್ತರ. ಕಾನೂನೂ ಅದನ್ನೇ ಹೇಳುತ್ತದೆ. ಭಾರತದಲ್ಲಿ ಲೇಖಕ ತೀರಿಕೊಂಡು ಅರವತ್ತು ವರ್ಷದವರೆಗೆ ಹಕ್ಕು ಅವನ ವಾರಸುದಾರರದು. ಆದರೆ ಹಕ್ಕಿದ್ದ ಮನೆಯಲ್ಲಿ ಪುಸ್ತಕವೇ ಇಲ್ಲ. ದುಡ್ಡು ಕೊಟ್ಟವರದು ಎನ್ನುವುದು ಎರಡನೆಯದು. ಆ ದುಡ್ಡನ್ನು ತಿರುವಿ ನೋಡಿದರೆ, ಅದು ನಮ್ಮವರು ತಿಂದ ಗೋಧಿಯ ಬೆಲೆ. ನಾವು ಕೊಟ್ಟ ರೂಪಾಯಿ ಎಂದು ಹೇಳಿಕೊಳ್ಳಬಹುದು, ಆದರೆ ಗೋಧಿ ತಿಂದಾದ ಮೇಲೆ ಕೊಟ್ಟ ರೂಪಾಯಿ ನಮ್ಮದಾಗಿ ಉಳಿಯುವುದಿಲ್ಲ. ಪುಸ್ತಕವನ್ನು ಕದಿಯಲಿಲ್ಲ, ಒತ್ತಾಯದಿಂದ ಕಿತ್ತುಕೊಳ್ಳಲಿಲ್ಲ. ಅಂಗಡಿಯ ಬೆಲೆಗೆ ಕೊಂಡರು. ಅಚ್ಚಾದ ನೂರಾರು ಪ್ರತಿಗಳಲ್ಲಿ ಕೆಲವು ಹೊರಗೆ ಹೋದರೆ ಇಲ್ಲಿ ಬರಿದಾಗಬೇಕಾದ ಕಾರಣವೂ ಇರಲಿಲ್ಲ.

ಬರಿದಾದದ್ದು ನಾವು ಇಟ್ಟುಕೊಳ್ಳದ್ದರಿಂದ. ಇದನ್ನು ನನ್ನೊಬ್ಬನ ಕೆಂಪು ಶಾಯಿಗೆ ಮಾತ್ರ ಕಟ್ಟುವುದು ಬೇಡ. ಪಿ.ಎಲ್. 480 ಬಂದ ಅದೇ 1954ರಲ್ಲಿ ನಮ್ಮ ಸಂಸತ್ತೂ ಒಂದು ಕಾನೂನು ಮಾಡಿತು. ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕವನ್ನೂ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು ಎಂದು. ಆ ಮೂರು ಇರುವುದು ಮದ್ರಾಸು, ಮುಂಬಯಿ, ದೆಹಲಿಯಲ್ಲಿ. ಕರ್ನಾಟಕದಲ್ಲಿ ಒಂದೂ ಇಲ್ಲ. ಹಳ್ಳಿಯ ಮೇಷ್ಟ್ರೊಬ್ಬರು ಸಾಲ ಮಾಡಿ ಅಚ್ಚು ಮಾಡಿಸಿದ ಪುಸ್ತಕವನ್ನು ನಾಲ್ಕು ಊರಿಗೆ ತಮ್ಮ ಖರ್ಚಿನಲ್ಲಿ ಪೋಸ್ಟ್ ಮಾಡಬೇಕೆಂದು ಅವರಿಗೆ ಯಾರು ಹೇಳಿದ್ದರು? ಎರಡು ಕಾನೂನೂ ಒಂದೇ ವರ್ಷದವು. ಒಂದು, ಪುಸ್ತಕವನ್ನು ಕಳಿಸಿಕೊಡಿ ಎಂದು ಅಪ್ಪಣೆ ಮಾಡಿ ಕಾಯುತ್ತಾ ಕೂತಿತು. ಇನ್ನೊಂದರ ಅಡಿಯಲ್ಲಿ, ಸ್ವಲ್ಪ ತಡವಾಗಿಯಾದರೂ, ಯಾರೋ ಬಂದು ದುಡ್ಡು ಕೊಟ್ಟು ಒಯ್ದರು.

ಹಾಗಾದರೆ ಕಾಪಾಡಿದವರದು ಎನ್ನೋಣವೇ? ಇದು ಮೂರನೆಯ ಉತ್ತರ, ಮತ್ತು ನನ್ನಂಥ ತಪ್ಪಿತಸ್ಥನಿಗೆ ಬೇಗ ಒಪ್ಪಿಗೆಯಾಗುವಂಥದ್ದು. ಆದರೆ ಮೈಸೂರಿನಲ್ಲಿ ಕೂತು ಯೋಚಿಸುವವನು ಇಲ್ಲಿ ಸ್ವಲ್ಪ ತಡೆಯಬೇಕು, ಏಕೆಂದರೆ ನಮ್ಮ ಊರೂ ಒಮ್ಮೆ ಬೇರೆಯವರ ಪುಸ್ತಕವನ್ನು ಕಾಪಾಡಿದ ಊರು.

1891ರಲ್ಲಿ ಇಲ್ಲಿ ಓರಿಯೆಂಟಲ್ ಲೈಬ್ರರಿ ಶುರುವಾಯಿತು. ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಗ್ರಂಥ ಲಿಪಿಯ ಓಲೆಗರಿಯ ಕಟ್ಟೊಂದನ್ನು ತಂದು ಕೊಟ್ಟರು. ಆಗ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಶತಮಾನಗಳಿಂದ ಹೆಸರು ಮಾತ್ರ ಕೇಳಿದ್ದ ಗ್ರಂಥ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದದ ಪುಸ್ತಕ ತಂದರು. ಅಲ್ಲಿಂದ ಅದು ಲೋಕದ ಪುಸ್ತಕವಾಯಿತು. ತಂಜಾವೂರಿನವರು ನಾಳೆ ಬಂದು ಆ ಓಲೆ ನಮ್ಮದು ಎಂದರೆ ನಾವೇನು ಹೇಳುತ್ತೇವೆ? ನಾವು ಕಾಪಾಡಿದೆವು, ಆದ್ದರಿಂದ ನಮ್ಮದು ಎಂದೇ? ಹಾಗೆ ಹೇಳಿದರೆ ಅಮೆರಿಕದವರ ಮುಂದೆ ನಮ್ಮ ಬಾಯಿ ಮುಚ್ಚುತ್ತದೆ.

ನನಗೆ ತೋರುವುದು, ನಾವು ಕಾಪಾಡಿದೆವು ಎನ್ನುವುದು ನಮ್ಮ ಬಲವಾದ ಮಾತಲ್ಲ. ನಾವು ತೆರೆದೆವು ಎನ್ನುವುದು ಬಲವಾದ ಮಾತು. ಆ ಕಟ್ಟನ್ನು ಶಾಮಶಾಸ್ತ್ರಿಗಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಗೆದ್ದಲಿನಿಂದ ಕಾಪಾಡಿದ ಪುಣ್ಯವಷ್ಟೇ ಬರುತ್ತಿತ್ತು. ಅವರು ಓದಿ, ನಕಲು ಮಾಡಿ, ಅಚ್ಚು ಹಾಕಿಸಿ, ತಂಜಾವೂರಿನವನೂ ಕೊಂಡು ಓದಬಹುದಾದಂತೆ ಮಾಡಿದರು. ತಂದುಕೊಟ್ಟ ಪಂಡಿತರ ಹೆಸರು ಮಾತ್ರ ಉಳಿಯಲಿಲ್ಲ. ಅಷ್ಟು ದೊಡ್ಡ ಕೆಲಸದಲ್ಲೂ ಒಂದು ಸಣ್ಣ ರಶೀದಿ ಕಳೆದುಹೋಗಿದೆ.

ಕಾಪಾಡುವುದೇ ಬೇರೆ, ತೆರೆಯುವುದೇ ಬೇರೆ ಎಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲೇ ಸಾಕ್ಷಿಗಳಿವೆ; ಹುಡುಗಿಯ ಸೆಮಿನಾರಿನ ಅರ್ಧ ಭಾಗ ಅದೇ ಆಯಿತು. 1961ರ ಮಾರ್ಚ್ 27ರಂದು ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ ಟೂಗಲೂ ಕಾಲೇಜಿನ ಒಂಬತ್ತು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಮುಖ್ಯ ಗ್ರಂಥಾಲಯಕ್ಕೆ ಹೋಗಿ, ತಮಗೆ ಬೇಕಾದ ಪುಸ್ತಕ ಕೇಳಿ, ಕೂತು ಓದತೊಡಗಿದರು. ಅಷ್ಟಕ್ಕೇ ಪೊಲೀಸರು ಅವರನ್ನು ಬಂಧಿಸಿದರು. ಮರುವರ್ಷವೇ ದೆಹಲಿಯ ಕಚೇರಿ ತೆರೆಯಿತು. ಹೆಗ್ಗಡದೇವನಕೋಟೆಯ ಮೇಷ್ಟ್ರ ಪುಸ್ತಕಕ್ಕೆ ಆ ದೇಶದಲ್ಲಿ ಜಾಗ ಸಿಗುತ್ತಿದ್ದ ಹೊತ್ತಿಗೆ ಅದೇ ದೇಶದ ಮಕ್ಕಳಿಗೆ ತಮ್ಮ ಊರಿನ ಗ್ರಂಥಾಲಯದಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. ಹೊವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ನೋಡಿದ್ದು ಇನ್ನೊಂದು ಬಗೆಯ ಬೀಗ. ಕರಿಯರು ಬರೆದದ್ದು ಕವಿತೆಯೇ ಆಗಿರಲಿ ಏನೇ ಆಗಿರಲಿ, ಡ್ಯೂಯಿಯ ಸಂಖ್ಯೆಗಳಲ್ಲಿ ವಲಸೆ ಅಥವಾ ಗುಲಾಮಗಿರಿಯ ಕೆಳಗೆ ತುಂಬುವ ರೂಢಿ ಇತ್ತು. ಆಕೆ ಆ ಪದ್ಧತಿಯನ್ನು ಒಪ್ಪದೆ ತಮ್ಮಲ್ಲಿ ಪುಸ್ತಕಗಳನ್ನು ವಿಷಯಕ್ಕೆ, ಲೇಖಕರಿಗೆ ತಕ್ಕಂತೆ ಜೋಡಿಸಿದರು. ನಮ್ಮ ಕನ್ನಡ ಸಾಹಿತ್ಯವೂ ಅದೇ ಡ್ಯೂಯಿಯಲ್ಲಿ 894.814 ಎಂದು, ಇತರ ಸಾಹಿತ್ಯಗಳ ಮೂಲೆಯಲ್ಲಿ ಕೂತಿದೆ. ಇಂಗ್ಲಿಷಿಗೆ ಮೂರೇ ಅಂಕಿ ಸಾಕು. ನಮಗೆ ಆರು ಬೇಕು.

ಈಗ ಸ್ಕ್ಯಾನಿನ ಬೀಗಕ್ಕೆ ಬರೋಣ. ಮೇಷ್ಟ್ರ ಪುಸ್ತಕಕ್ಕೆ ಇನ್ನೂ ಹಕ್ಕಿನ ಅವಧಿ ಮುಗಿದಿಲ್ಲ, ಆದ್ದರಿಂದ ಅದಕ್ಕೆ ಬೀಗ ಹಾಕಿರುವುದು ಸರಿಯೇ. ಆದರೆ ಅದೇ ಭಂಡಾರದಲ್ಲಿ 1910, 1920ರ ಕನ್ನಡ ಪುಸ್ತಕಗಳಿವೆ. ಬರೆದವರು ತೀರಿಕೊಂಡು ಅರವತ್ತು ವರ್ಷ ದಾಟಿ, ನಮ್ಮ ಕಾನೂನಿನಲ್ಲಿ ಸಾರ್ವಜನಿಕರ ಸ್ವತ್ತಾಗಿರುವವೂ ಅವುಗಳಲ್ಲಿವೆ. ಅಮೆರಿಕದಲ್ಲಿ ಕೂತು ಒತ್ತಿದರೆ ತೆರೆದುಕೊಳ್ಳುತ್ತವೆ. ಶ್ರೀರಾಂಪುರದಿಂದ ಒತ್ತಿದರೆ ತೆರೆಯುವುದಿಲ್ಲ. ಅವರ ಲೆಕ್ಕ ಪ್ರಕಟವಾದ ವರ್ಷದ ಮೇಲೆ, ನಮ್ಮದು ಲೇಖಕರ ಸಾವಿನ ವರ್ಷದ ಮೇಲೆ. ಕನ್ನಡದ ಯಾವ ಲೇಖಕರು ಯಾವಾಗ ತೀರಿಕೊಂಡರೆಂದು ಪುಸ್ತಕ ಪುಸ್ತಕಕ್ಕೂ ವಿಚಾರಿಸಲು ಅವರಿಂದಾಗುವುದಿಲ್ಲ, ಹಾಗಾಗಿ ಹೊರದೇಶದವರಿಗೆ ಮುಚ್ಚಿಡುತ್ತಾರೆ. ಎಚ್ಚರಿಕೆಯೇ ಹೊರತು ದುರುದ್ದೇಶವಲ್ಲ. ಆದರೂ ಕನ್ನಡ ಬಲ್ಲವರು ಇರುವ ಕಡೆ ಕನ್ನಡ ಪುಸ್ತಕ ಮುಚ್ಚಿಕೊಂಡು, ಬಲ್ಲವರು ಅಪರೂಪವಾಗಿರುವ ಕಡೆ ತೆರೆದಿರುವುದು ನ್ಯಾಯವಾಗಿ ಕಾಣುವುದಿಲ್ಲ.

ಇದನ್ನು ಹೇಳಿದ ಮೇಲೂ ಕೃತಜ್ಞತೆ ಉಳಿಯುತ್ತದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವ ತನಕ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯಕ್ಕೂ ಈ ಪುಸ್ತಕಗಳು ಹೋಗುತ್ತಿದ್ದವು. ಅಲ್ಲಿ ಮಾರೀನ್ ಪ್ಯಾಟರ್ಸನ್ ಎಂಬ ಗ್ರಂಥಪಾಲಕಿ ದಕ್ಷಿಣ ಏಷ್ಯಾದ ಸಂಗ್ರಹವನ್ನು ವರ್ಷಗಟ್ಟಲೆ ಕೂತು ಕಟ್ಟಿದರು. ಕೊಂಡದ್ದು ಬೇರೆ ಬೇರೆ ಉದ್ದೇಶದಿಂದ ಇರಬಹುದು. ಶೀತಲ ಸಮರದ ಕಾಲ, ನಮ್ಮನ್ನು ತಿಳಿದುಕೊಳ್ಳುವುದರಲ್ಲಿ ಅವರಿಗೆ ಲಾಭವೂ ಇತ್ತು. ಆದರೆ ಯಾರೂ ಕೇಳದ ಪುಸ್ತಕವನ್ನು ಯಾರೂ ಕೇಳಲಿಲ್ಲವೆಂಬ ಕಾರಣಕ್ಕೆ ಅವರು ತೂಕಕ್ಕೆ ಹಾಕಲಿಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಹಳೆಯ ಗೊಂದಲವಿದೆ. ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಪುಸ್ತಕ ಬಳಕೆಗಾಗಿ ಎಂಬ ಮೊದಲ ಸೂತ್ರದ ತಾತ್ಪರ್ಯವನ್ನೇ ಹಿಡಿದು, ಬಳಕೆಯಾಗದ್ದು ಬೇಡದ್ದು ಎಂದು ನಾನು ಪಟ್ಟಿ ಮಾಡಿದೆ. ಆದರೆ ಒಂದೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆಂಬ ಸೂತ್ರವೂ ಅದೇ ಐದರಲ್ಲಿದೆ. ಆ ಓದುಗ ಇನ್ನೂ ಬಂದಿಲ್ಲದಿರಬಹುದು. ಕೆಲವೊಮ್ಮೆ ಬರೆದವನೇ ಆ ಓದುಗನಾಗಿ ಕೊಡೆ ಹಿಡಿದು ಬರುತ್ತಾನೆ, ಒಂದು ವರ್ಷ ತಡವಾಗಿ.

ಸಂಬಳ ಪಡೆದು ಕಾಯಬೇಕಾದ ನಾನು ಬಿಟ್ಟದ್ದನ್ನು ಸಂಬಳವಿಲ್ಲದೆ ಹಿಡಿದುಕೊಂಡವರು ಇದೇ ಊರಿನಲ್ಲಿದ್ದಾರೆ. ರಾಜೀವನಗರದಲ್ಲಿ ಕೂಲಿ ಕೆಲಸದ ಸೈಯದ್ ಇಸಾಕ್ ತಮ್ಮ ದುಡಿಮೆಯಲ್ಲೇ ಕನ್ನಡದ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಪೇಪರಿನಲ್ಲಿ ಅದನ್ನು ಓದಿದ ದಿನ ಎಲ್ಲರಂತೆ ನಾನೂ ಮರುಗಿದೆ, ಒಂದು ಚೀಲ ಪುಸ್ತಕವನ್ನೂ ಎತ್ತಿಟ್ಟೆ. ಬೆಂಕಿ ಕಂಡರೆ ನಮಗೆ ದುಃಖವಾಗುತ್ತದೆ. ತಕ್ಕಡಿ ಕಂಡರೆ ಆಗುವುದಿಲ್ಲ.

ಹೀಗೆಲ್ಲ ಯೋಚಿಸಿ ನಾನು ಬಂದ ತೀರ್ಮಾನ ಸಣ್ಣದು. ಪುಸ್ತಕ ಯಾರದು ಎಂಬ ಪ್ರಶ್ನೆಯನ್ನು ಆಸ್ತಿಯ ಪ್ರಶ್ನೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಸಾಲದ ಪ್ರಶ್ನೆಯಾಗಿ ಕೇಳಬೇಕು. ಇಟ್ಟುಕೊಂಡವರು ಓದುಗರಿಗೆ ಸಾಲಗಾರರು. ಬಾಗಿಲು ತೆರೆದಷ್ಟು ಸಾಲ ತೀರುತ್ತದೆ. ಕಳೆದವರು ಇಟ್ಟುಕೊಂಡವರಿಗೂ ಬರೆದವರಿಗೂ ಸಾಲಗಾರರು. ಅಮೆರಿಕದವರನ್ನು ತೆರೆಯಿರಿ ಎಂದು ಕೇಳುವ ಹಕ್ಕು ನಮಗಿದೆ, ಆದರೆ ನಮ್ಮ ಕೆಂಪು ಶಾಯಿಯನ್ನು ಒಪ್ಪಿಕೊಂಡ ಮೇಲೆ ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ.

ಒಪ್ಪಿಕೊಳ್ಳುವುದು ಎಂದರೆ ಇಂಥ ಕಡೆ ಬರೆಯುವುದಷ್ಟೇ ಅಲ್ಲ ಎಂದು ಹೇಳಿದ್ದು ಆ ಹುಡುಗಿ. ಹಕ್ಕುದಾರರು ಒಪ್ಪಿ ಸಹಿ ಹಾಕಿದರೆ ಆ ಭಂಡಾರದವರು ಪುಸ್ತಕವನ್ನು ಎಲ್ಲರಿಗೂ ತೆರೆಯುತ್ತಾರೆ, ಅದಕ್ಕೊಂದು ಅರ್ಜಿ ಇದೆ ಎಂದು ಅವಳೇ ಹುಡುಕಿದಳು. "ಅವರ ಮನೆಯವರು ಎಲ್ಲಾದ್ರೂ ಇರಬೇಕಲ್ವಾ ಸಾರ್?"

ನಮ್ಮ ಮನೆಯ ಹತ್ತಿರದ ಮಾನಂದವಾಡಿ ರಸ್ತೆಯಲ್ಲೇ ಕೋಟೆಯ ಬಸ್ಸು ಹೋಗುತ್ತದೆ. ಶ್ರಾವಣದಲ್ಲಿ ಒಂದು ಭಾನುವಾರ ಇಬ್ಬರೂ ಹತ್ತಿದೆವು. ಮುಳುಗಿದ ಊರಿನವರು ಈಗಿರುವ ಕಡೆ ವಿಚಾರಿಸುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಮಗಳ ಮನೆ ಸಿಕ್ಕಿತು. ಎಪ್ಪತ್ತರ ಹತ್ತಿರದ ಹೆಂಗಸು. ಮೇಷ್ಟ್ರು 1997ರಲ್ಲಿ ತೀರಿಕೊಂಡರಂತೆ. ಹುಡುಗಿ ಅಮೆರಿಕದ ಸೂಚಿಯ ಆ ಒಂದು ಹಾಳೆಯನ್ನು ಪ್ರಿಂಟ್ ತೆಗೆದು ತಂದಿದ್ದಳು. ಓದಿ ಹೇಳಿದಳು: ಮೈಸೂರು, 1965, ನೂರಹನ್ನೆರಡು ಪುಟ.

ಆಕೆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ನಾನು ಯಾವ ಕಾಲೇಜಿನಲ್ಲಿದ್ದೆ ಎಂದು ಕೇಳಿದರು. ಹೇಳಿದೆ.

"ಓ, ಅಲ್ಲೂ ಒಂದಿತ್ತು. ಅಪ್ಪ ನೋಡಕ್ಕೆ ಅಂತ ಬಂದಿದ್ರು. ಬೈಂಡಿಂಗಿಗೆ ಹೋಗಿದೆ, ಇನ್ನೊಂದು ತಿಂಗಳು ಬಿಟ್ಟು ಹೋಗಬೇಕು ಅಂತಿದ್ರು. ಆಮೇಲೆ ಕಾಲು ನೋವು, ಹೋಗಕ್ಕೆ ಆಗಲಿಲ್ಲ" ಎಂದರು. ಮತ್ತೆ ಕೇಳಿದರು: "ಬೈಂಡಿಂಗಿಂದ ಬಂತಾ ಸಾರ್?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರದ್ದು ಮಾಡಿದ್ದು, ತೂಕಕ್ಕೆ ಹಾಕಿದ್ದು, ಸುಳ್ಳು ಹೇಳಿದ್ದು ಮೂರನ್ನೂ. ಮೇಷ್ಟ್ರ ಹೆಸರನ್ನು ಇಲ್ಲಿ ಬರೆಯದಿರುವುದು ಅದಕ್ಕೇ. ಹೇಳಬೇಕೋ ಬೇಡವೋ ಎನ್ನುವುದು ಅವರ ಮನೆಯವರಿಗೆ ಬಿಟ್ಟದ್ದು.

ಆಕೆ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಳಗೆ ಹೋಗಿ ನಮಗೆ ಕಾಫಿ ತಂದುಕೊಟ್ಟರು. ಅರ್ಜಿಯನ್ನು ತೋರಿಸಿದಾಗ, "ನಾನೊಬ್ಬಳೇ ಹಾಕಕ್ಕಾಗಲ್ಲ, ಬೆಂಗಳೂರಲ್ಲಿ ತಮ್ಮ ಇದ್ದಾನೆ, ಅವನನ್ನ ಕೇಳಬೇಕು" ಎಂದರು. ಸರಿಯಾದ ಮಾತು. ನಾವು ಎದ್ದು ಹೊರಡುವಾಗ ಆ ಹಾಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಮಡಿಸಿ ದೇವರ ಮನೆಯ ಗೂಡಿನಲ್ಲಿಟ್ಟರು.

ಹುಡುಗಿಯ ಸೆಮಿನಾರ್ ಚೆನ್ನಾಗಿ ಆಯಿತಂತೆ. ತಮ್ಮನ ಉತ್ತರ ಇನ್ನೂ ಬಂದಿಲ್ಲ.